ಎಫಿಯವರ ಬೂದು ಮಫ್ಲರ್

ಯಾರ ಮನೆಗೆ ಹೋದರೂ ಎಫಿ ಮೊದಲು ನೋಡುತ್ತಿದ್ದದ್ದು, ಅಲ್ಲಿ ಹೆಣ ಎಲ್ಲಿ ಬಿದ್ದರೆ ಚೆನ್ನ ಎಂದು. ಚಪ್ಪಲಿ ಬಿಟ್ಟು ಒಳಗೆ ಬಂದು, ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಬಾಗಿಲು, ಕಿಟಕಿ, ಸೋಫಾದ ಹಿಂಬದಿ, ಅಡುಗೆಮನೆಗೆ ತಿರುಗುವ ಮೂಲೆ, ಎಲ್ಲದರ ಮೇಲೂ ಒಮ್ಮೆ ಕಣ್ಣು ಹಾಯುತ್ತಿತ್ತು. ಮನೆಯವರ ಕಡೆ ತಿರುಗಿ ನಗುತ್ತಿದ್ದದ್ದು ಆಮೇಲೆ.

ನಾನು ಅವರನ್ನು ಮೊದಲು ಕಂಡದ್ದು ಟೋಕಿಯೋದ ಎಡೋಗಾವಾದಲ್ಲಿ, ಮೈಸೂರಿನ ಗೆಳತಿ ಸುಷ್ಮಾಳ ಫ್ಲ್ಯಾಟಿನಲ್ಲಿ. ದೀಪಾವಳಿಯ ಸಂಜೆ. ಸುಷ್ಮಾಳ ಮಕ್ಕಳಿಗೆ ಎಫಿ ವಾರಕ್ಕೊಮ್ಮೆ ಇಂಗ್ಲಿಷ್ ನಾಟಕ ಕಲಿಸುತ್ತಿದ್ದರು. ಎತ್ತರದ ಹೆಂಗಸು, ಎಪ್ಪತ್ತು ದಾಟಿದ್ದರು, ಬಿಳಿ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು. ರಂಗೋಲಿ ದಾಟಿ ಬಂದವರೇ ಕೇಳಿದರು: "ಇಲ್ಲಿ ಹೆಣ ಬಿದ್ದರೆ ಮೊದಲು ಯಾರಿಗೆ ಕಾಣಿಸುತ್ತದೆ?"

"ಅಯ್ಯೋ, ಹಬ್ಬದ್ ದಿನ ಏನ್ ಮಾತಾಡ್ತಾರೆ ಇವ್ರು!" ಅಂದಳು ಸುಷ್ಮಾ. "ಇನ್ಯಾರಿಗೆ ಕಾಣತ್ತೆ, ನಮ್ಮತ್ತೆಗೇ. ಯಾವಾಗ್ಲೂ ವಿಡಿಯೋ ಕಾಲಲ್ಲೇ ಇರ್ತಾರಲ್ಲ, ಫೋನ್ ಅಲ್ಲೇ ಫ್ರಿಜ್ ಮೇಲೆ ಇಟ್ಟಿರ್ತೀನಿ."

ನಾನು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಎಫಿ ನಗಲಿಲ್ಲ. ಫ್ರಿಜ್ಜಿನ ಹತ್ತಿರ ಹೋಗಿ, ಅದರ ಮೇಲಿಂದ ಕೋಣೆ ಎಷ್ಟು ಕಾಣುತ್ತದೆ ಎಂದು ಬಗ್ಗಿ ನೋಡಿದರು. ಅವರ ಮುಂದಿನ ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗೆ ಏಕೈಕ ಸಾಕ್ಷಿ ಸಾವಿರಾರು ಮೈಲಿ ದೂರದಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದ ಅತ್ತೆ. ಸುಷ್ಮಾ ಆ ಪುಸ್ತಕ ಕೊಂಡು ಅತ್ತೆಗೆ ಕಳಿಸಿದಳು. ನಮಗೆಲ್ಲ ಅದೊಂದು ಹೆಮ್ಮೆ. ಎಫಿ ಕಂಡದ್ದನ್ನೆಲ್ಲ ತೆಗೆದುಕೊಂಡು ಹೋಗುತ್ತಾರೆ ಎನ್ನುವುದು ಆಗಲೇ ನಮ್ಮ ಕಣ್ಣೆದುರಿಗಿತ್ತು.

ನಾನು ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಅಪರಾಧ ವರದಿಗಾರ್ತಿಯಾಗಿದ್ದೆ. ಗಂಡ ಮೋಹನನನ್ನು ಅವನ ಕಂಪನಿ ಟೋಕಿಯೋಗೆ ಕಳಿಸಿದಾಗ ರಾಜೀನಾಮೆ ಕೊಟ್ಟು, ಮಗಳು ತಾರಾಳೊಂದಿಗೆ ಬಂದೆ. ಇಲ್ಲಿ ನಾನು ವೀಸಾ ಕಾಗದಪತ್ರಗಳಲ್ಲಿ ಗಂಡನ ಅವಲಂಬಿತೆ. ನನ್ನ ಹೆಸರಿನಲ್ಲಿ ಒಂದು ಲೇಖನವೂ ಅಚ್ಚಾಗದೆ ವರ್ಷಗಳಾಗಿದ್ದವು. ಒಂದು ದಿನ ಹಳೆಯ ಪತ್ರಿಕೆಯ ಭಾನುವಾರದ ಪುರವಣಿಯ ಸಂಪಾದಕರು ಫೋನ್ ಮಾಡಿದರು. "ಜಪಾನಲ್ಲಿರೋ ಇಂಟರೆಸ್ಟಿಂಗ್ ಜನರ ಬಗ್ಗೆ ಒಂದ್ ಕಾಲಂ ಮಾಡೋಣ ಮೇಡಂ. ಮೊದಲ್ನೇದು ಚೆನ್ನಾಗ್ ಬಂದ್ರೆ ಹದಿನೈದು ದಿನಕ್ಕೊಂದು ನಿಮ್ದೇ." ಮೊದಲನೆಯದು ಯಾರ ಬಗ್ಗೆ ಎಂದು ನಾನು ಯೋಚಿಸಲೇ ಇಲ್ಲ.

ಎಫಿಯವರ ಮನೆ ಯೋಕೋಹಾಮಾದಲ್ಲಿ, ಬಂದರು ಕಾಣುವ ಗುಡ್ಡದ ಮೇಲೆ. ಎರಡು ಕೋಣೆ. ಕೆಳಗಿನ ಬೀದಿಯ, ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಕಾಯಿನ್ ಲಾಂಡ್ರಿಯೇ ಅವರ ಬರೆಯುವ ಜಾಗ. ಪಕ್ಕದ ಕೊಂಬಿನಿ ಅಂಗಡಿಯಿಂದ ಮೊಟ್ಟೆಯ ಸ್ಯಾಂಡ್‌ವಿಚ್ ತಂದು, ಡ್ರೈಯರ್ ಮುಂದೆ ಕೂತು, ಬಟ್ಟೆ ಒಣಗುವಷ್ಟರಲ್ಲಿ ಒಂದು ದೃಶ್ಯ ಮುಗಿಸುತ್ತಿದ್ದರು. ಒಗೆಯಲು ಏನೂ ಇಲ್ಲದ ದಿನ ಒಣಗಿದ ಟವೆಲ್‌ಗಳನ್ನೇ ಮತ್ತೆ ತಿರುಗಿಸುತ್ತಿದ್ದರು. "ಸದ್ದಿಲ್ಲದಿದ್ದರೆ ನನ್ನ ಪಾತ್ರಗಳು ನನ್ನನ್ನೇ ನೋಡುತ್ತವೆ ಲ್ಯಾಸ್," ಎನ್ನುತ್ತಿದ್ದರು. ಲ್ಯಾಸ್ ಎಂದರೆ ಅವರ ಸ್ಕಾಟ್ಲೆಂಡಿನಲ್ಲಿ ಹುಡುಗಿ. ನನಗೆ ನಲವತ್ತಾಗಿದ್ದರೂ ಲ್ಯಾಸ್, ಮನೆಯೊಡತಿ ಹಯಾಶಿ-ಸಾನ್‌ಗೆ ಎಂಬತ್ತಾಗಿದ್ದರೂ ಲ್ಯಾಸ್.

ಸಂದರ್ಶನಕ್ಕೆಂದು ನಾನು ಹಲವು ವಾರ ಹೋದೆ. ಅವರು ಚಹಾ ಕೊಡುತ್ತಿದ್ದರು. ನಾನು ಮೊದಲ ಗುಟುಕು ಕುಡಿಯುವವರೆಗೆ ತಮ್ಮ ಬಟ್ಟಲನ್ನು ಮುಟ್ಟುತ್ತಿರಲಿಲ್ಲ. "ವೃತ್ತಿಯ ಅಭ್ಯಾಸ," ಎಂದು ಗಂಭೀರವಾಗಿ ಹೇಳುತ್ತಿದ್ದರು. ಕೊಲೆಗಳ ಬಗ್ಗೆಯೇ ಬರೆಯುವುದೇಕೆ ಎಂದು ನಾನು ಕೇಳಿದ ದಿನ ಮಾತ್ರ ತಮಾಷೆ ಮಾಡಲಿಲ್ಲ. ಐಲ್ಸಾ ಎಂಬ ತಂಗಿಯ ಕಥೆ ಹೇಳಿದರು.

ಮೀನುಗಾರರ ಸಣ್ಣ ಊರು. ಐಲ್ಸಾ ಎಫಿಗಿಂತ ಚಿಕ್ಕವಳು. ಒಂದು ಸಂಜೆ ಬ್ರೆಡ್ ತರಲು ಹೋದವಳು ಹಿಂದಿರುಗಲಿಲ್ಲ. ಮರುದಿನ ಬಂದರಿನ ಕಟ್ಟೆಯ ಕಂಬಿಗೆ ಅವಳ ಮಫ್ಲರ್ ಕಟ್ಟಿತ್ತು. ಬಿದ್ದಿರಲಿಲ್ಲ, ಯಾರೋ ಗಂಟು ಹಾಕಿದ್ದರು. ಅವಳು ಸಿಗಲೇ ಇಲ್ಲ.

ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಗಂಟು ಒಂದೋ ಎರಡೋ? ಯಾರು ಬಿಚ್ಚಿದರು? ಅಂಗಡಿಯವನು ಬ್ರೆಡ್ ಕೊಟ್ಟೆ ಎಂದನೇ, ಇಲ್ಲ ಎಂದನೇ? ಆ ಹೊತ್ತು ನೀವೆಲ್ಲಿದ್ದಿರಿ? ಫೋಟೋ ಇದೆಯೇ? ಎಲ್ಲಕ್ಕೂ ಉತ್ತರವಿತ್ತು. ಫೋಟೋಗಳನ್ನು ಅವರ ಅಮ್ಮ ಸುಟ್ಟಿದ್ದರು. ಊರಿನ ಪತ್ರಿಕೆ ಎಂದೋ ಮುಚ್ಚಿತ್ತು. ನಡುವೆ ಅವರು ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ನಾನು ಪೆನ್ನು ಕೆಳಗಿಟ್ಟೆ. ಹಾಗೆ ಪೆನ್ನು ಕೆಳಗಿಡುವವಳಲ್ಲ ನಾನು.

ಲೇಖನ ಕಳಿಸುವ ಮುನ್ನ ಅವರಿಗೆ ಇಂಗ್ಲಿಷಿನಲ್ಲಿ ಪೂರ್ತಿ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಒಂದೇ ಕಡೆ ಕೈ ಎತ್ತಿ ತಡೆದರು.

"ಮಫ್ಲರ್ ನೀಲಿ ಅಲ್ಲ. ಬೂದು."

"ಆ ದಿನ ನೀಲಿ ಅಂದಿದ್ದಿರಿ."

"ತಪ್ಪು ಹೇಳಿದ್ದೆ. ಬೂದು. ಸರಿಯಾಗಿ ಬರೆದುಕೋ ಲ್ಯಾಸ್, ಇದು ಮುಖ್ಯ."

ಬರೆದುಕೊಂಡೆ. ಐಲ್ಸಾಳ ಬಗ್ಗೆ ಬರೆದ ಪ್ರತಿ ವಾಕ್ಯಕ್ಕೂ 'ಎಂದು ಎಫಿ ಹೇಳುತ್ತಾರೆ' ಸೇರಿಸಿದ್ದೆ. ಅಚ್ಚಾದ ಪುರವಣಿಯಲ್ಲಿ ಅದೊಂದೂ ಇರಲಿಲ್ಲ. "ಪದೇ ಪದೇ ಬರ್ತಿತ್ತು ಮೇಡಂ, ಫೀಲ್ ಹೋಗ್ತಿತ್ತು, ತೆಗೆದ್ವಿ," ಅಂದರು ಸಂಪಾದಕರು. ಓದುಗರು ಅತ್ತರು. ಅಮ್ಮ ಮಂಡ್ಯದಿಂದ ಫೋನ್ ಮಾಡಿ, "ಪಾಪ ಕಣೇ, ಆ ಮಗು ಸಿಗ್ಲೇ ಇಲ್ವಾ?" ಎಂದು ಕೇಳಿದಳು. ಅಂಕಣ ಖಚಿತವಾಯಿತು.

ಆ ಚಳಿಗಾಲ ಯೋಕೋಹಾಮಾದ ವಿದೇಶಿಯರ ಹವ್ಯಾಸಿ ತಂಡ ಎಫಿಯವರ ಹೊಸ ನಾಟಕ ಆಡಿತು. ನಮ್ಮ ಮೂವರಿಗೂ ಎರಡನೆಯ ಸಾಲಿನಲ್ಲಿ ಸೀಟು ಕೊಟ್ಟಿದ್ದರು. ನಾಟಕದಲ್ಲೊಬ್ಬ ವಿಧವೆ. ಗಂಡನನ್ನು ಕೊಂದವಳು ಅವಳೇ ಎಂದು ನಮಗೆ ಮೊದಲ ಅಂಕದಲ್ಲೇ ತಿಳಿಯುತ್ತದೆ. ವಿಚಾರಿಸಲು ಬರುವ ಮಹಿಳಾ ಇನ್‌ಸ್ಪೆಕ್ಟರ್ ಬಹಳ ಕಟ್ಟುನಿಟ್ಟು. ಅವಳ ಕರುಣೆ ಗಳಿಸಲು ವಿಧವೆ ತನಗೆ ಒಬ್ಬ ತಂಗಿಯಿದ್ದಳು ಎಂದು ಕಥೆ ಕಟ್ಟುತ್ತಾಳೆ. ಬ್ರೆಡ್ ತರಲು ಹೋದ ತಂಗಿ.

ಇನ್‌ಸ್ಪೆಕ್ಟರ್ ಪೆನ್ನಿನ ತುದಿಯಿಂದ ಗಲ್ಲ ತಟ್ಟುತ್ತ ಕೇಳಿದಳು: "ಗಂಟು ಒಂದೋ ಎರಡೋ? ಯಾರು ಬಿಚ್ಚಿದರು?"

ಸಭೆ ನಕ್ಕಿತು. ನಗಬೇಕಾದದ್ದೇ. ಅವಳು ಎಲ್ಲ ಪ್ರಶ್ನೆಗಳನ್ನೂ ಸರಿಯಾಗಿ ಕೇಳಿ ಎಲ್ಲ ಉತ್ತರಗಳನ್ನೂ ನಂಬುವ ಪಾತ್ರ. ವಿಧವೆ ಕಿಟಕಿಯ ಬಳಿ ಹೋಗಿ ನಿಂತಾಗ ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟಳು. ನಗೆ ಇನ್ನೂ ಜೋರಾಯಿತು. ಮೋಹನನೂ ನಕ್ಕ, ಅರ್ಧದಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದ.

ತಾರಾ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಅಮ್ಮಾ, ದಟ್ಸ್ ಯೂ. ಪೆನ್ ಹಂಗೇ ಮಾಡ್ತೀಯ ನೀನು."

ನಾಟಕ ಮುಗಿದ ಮೇಲೆ ಎಫಿ ಹೂಗುಚ್ಛ ಹಿಡಿದು ರಂಗದ ಪಕ್ಕ ನಿಂತಿದ್ದರು. ಜನ ಕರಗುವವರೆಗೆ ಕಾದು, ಒಂದೇ ಪ್ರಶ್ನೆ ಕೇಳಿದೆ.

"ನಿಮಗೆ ತಂಗಿ ಇದ್ದಳೇ?"

"ಇಲ್ಲ," ಅಂದರು. ತಡಬಡಾಯಿಸಲಿಲ್ಲ. "ನಾನೊಬ್ಬಳೇ ಮಗಳು. ಬೇಸರ ಮಾಡಿಕೊಳ್ಳಬೇಡ. ಆ ದೃಶ್ಯದಲ್ಲಿ ವಿಧವೆಯ ಸುಳ್ಳು ನಿಲ್ಲುತ್ತದೋ ಇಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ. ಸೇತುವೆ ಕಟ್ಟಿದವರು ಅದರ ಮೇಲೆ ಲಾರಿ ಓಡಿಸಿ ನೋಡುತ್ತಾರಲ್ಲ? ನಿನ್ನಷ್ಟು ಭಾರದ ಲಾರಿ ನನಗೆ ಈ ದೇಶದಲ್ಲಿ ಸಿಕ್ಕಿರಲಿಲ್ಲ."

"ಅದು ಅಚ್ಚಾಗುತ್ತದೆ ಎಂದು ನಿಮಗೆ ಗೊತ್ತಿತ್ತು."

"ಕನ್ನಡದಲ್ಲಿ ತಾನೇ," ಅಂದರು ಎಫಿ.

ಅವರು ಅದನ್ನು ಕ್ರೂರವಾಗಿ ಹೇಳಲಿಲ್ಲ. ಸಮಾಧಾನವಾಗಿ, ನನ್ನ ಭುಜ ಮುಟ್ಟಿ ಹೇಳಿದರು. ಇಷ್ಟು ದಿನಗಳ ಮೇಲೂ ಮೊದಲು ನೆನಪಾಗುವುದು ಆ ಎರಡು ಪದ.

ಮರುದಿನ ಸಂಪಾದಕರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರ ಫೋನ್ ಬಂತು. "ತಿದ್ದುಪಡಿ ಹಾಕ್ತೀವಿ ಮೇಡಂ, ಅದಿರ್ಲಿ. ಆದ್ರೆ ಕಾಲಂ... ಸ್ವಲ್ಪ ದಿನ ಬಿಡೋಣ." ಪುರವಣಿಯ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಸಂಗತಿ ಸತ್ಯಕ್ಕೆ ದೂರ, ಲೇಖಕಿ ವಿಷಾದಿಸುತ್ತಾರೆ ಎಂದು. 'ಎಂದು ಎಫಿ ಹೇಳುತ್ತಾರೆ' ಎಂಬುದನ್ನು ತೆಗೆದವರ ಮಾತು ಅದರಲ್ಲಿರಲಿಲ್ಲ. ಆ 'ಸ್ವಲ್ಪ ದಿನ' ಇನ್ನೂ ಮುಗಿದಿಲ್ಲ. ಅಮ್ಮ ಮತ್ತೆ ಫೋನ್ ಮಾಡಿ, "ಹೋಗ್ಲಿ ಬಿಡು, ಯಾವ ಮಗೂನೂ ಸಾಯ್ಲಿಲ್ವಲ್ಲ," ಅಂದಳು.

ಎಫಿ ಊರಿಗೆ ಹೊರಟಿದ್ದಾರೆ, ನಿನ್ನನ್ನು ಒಮ್ಮೆ ನೋಡಬೇಕಂತೆ ಎಂದು ಸುಷ್ಮಾ ಹೇಳಿದ್ದು ಮುಂದಿನ ವಸಂತದಲ್ಲಿ. "ಹೋಗ್ಬೇಡ ಕಣೇ, ಇನ್ನೊಂದ್ ನಾಟಕ ಬರೀತಾರೆ," ಎಂದೂ ಸೇರಿಸಿದಳು. ಹೋದೆ. ಕೋಣೆಗಳು ಖಾಲಿ, ಗೋಡೆಗೆ ಪೆಟ್ಟಿಗೆಗಳು ಒರಗಿದ್ದವು. ಚಹಾ ಕೊಟ್ಟರು. ಆ ದಿನ ನಾನು ಮುಟ್ಟುವ ಮೊದಲೇ ತಾವು ಕುಡಿದರು. ಡಾಕ್ಟರು ಒಳ್ಳೆಯ ಸುದ್ದಿ ಹೇಳಿಲ್ಲ ಎಂದರು. ಸುಮ್ಮನೆ ನನ್ನನ್ನೇ ನೋಡುತ್ತ ಕೂತರು. ಆ ನೋಟ ನನಗೆ ಗೊತ್ತು. ಯಾವ ಡಾಕ್ಟರು, ಯಾವ ಆಸ್ಪತ್ರೆ, ಏನಂದರು ಎಂದು ನಾನು ಕೇಳಲಿ ಎಂಬ ನಿರೀಕ್ಷೆ.

ನಾನು ಕೇಳಲಿಲ್ಲ. "ಚಹಾ ಚೆನ್ನಾಗಿದೆ," ಎಂದೆ.

ಹೊರಡುವಾಗ ಬಾಗಿಲಲ್ಲಿ ಕಾಗದದ ಚೀಲವೊಂದನ್ನು ಕೈಗಿಟ್ಟರು. ರೈಲಿನಲ್ಲಿ ತೆರೆದೆ. ಬೂದು ಉಣ್ಣೆಯ ಮಫ್ಲರ್, ಹಳೆಯದು, ಅಂಚಿನಲ್ಲಿ ಗುಂಜು ಎದ್ದಿದೆ. ಚೀಟಿಯಲ್ಲಿ ಒಂದೇ ಸಾಲು: ಐಲ್ಸಾಳದು.

ಅದನ್ನು ಚೀಲ ಸಮೇತ ಮೇಲಿನ ಸಾಮಾನಿನ ಹಲಗೆಗೆ ತಳ್ಳಿ ನನ್ನ ನಿಲ್ದಾಣದಲ್ಲಿ ಇಳಿದೆ. ಮೆಟ್ಟಿಲ ತನಕ ಬಂದಿರಬೇಕು, ಹಿಂದಿನಿಂದ "ಸುಮಿಮಾಸೆನ್! ಸುಮಿಮಾಸೆನ್!" ಎಂದು ಕೂಗು. ಸೂಟು ತೊಟ್ಟವರೊಬ್ಬರು ಏದುಸಿರು ಬಿಡುತ್ತ ಓಡಿ ಬಂದು, ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಒಪ್ಪಿಸಿದರು. ಅವರು ಬಿಟ್ಟು ಬಂದ ರೈಲು ಹೊರಟು ಹೋಗುತ್ತಿತ್ತು. "ಅರಿಗಾತೋ" ಎಂದು ಧನ್ಯವಾದ ಹೇಳದೆ ಬೇರೆ ದಾರಿ ಇರಲಿಲ್ಲ.

ಎಫಿ ಈಗ ಯೋಕೋಹಾಮಾದಲ್ಲಿ ಇಲ್ಲ. ಇದು ನಾನೇ ಹೋಗಿ ನೋಡಿದ ಸಂಗತಿ: ಆ ಕಿಟಕಿಗೆ ಬೇರೆ ಪರದೆ ಹಾಕಿದ್ದಾರೆ, ಗಂಟೆ ಒತ್ತಿದರೆ ಬೇರೆಯವರು ಬರುತ್ತಾರೆ. ಸ್ಕಾಟ್ಲೆಂಡಿಗೆ ಹೋದರು ಎಂಬುದು, ಕಾಯಿಲೆ ಎಂಬುದು, ಅವರು ಹೇಳಿದ್ದು.

ಮಫ್ಲರ್ ನಮ್ಮ ಬೀರುವಿನಲ್ಲಿದೆ. ತಂದ ಸಂಜೆಯೇ ಅದನ್ನು ಮೇಜಿನ ಮೇಲೆ ಹರಡಿ ದೀಪದ ಕೆಳಗೆ ನೋಡಿದೆ. ಯಾವ ಅಂಗಡಿಯದು, ಯಾವ ದೇಶದ್ದು, ಎಷ್ಟು ಹಳೆಯದು ಎಂದು ಲೇಬಲ್ ಇದ್ದರೆ ತಿಳಿಯುತ್ತದೆ. ಮೂಲೆಯಲ್ಲಿ ಲೇಬಲ್ ಇರಬೇಕಾದ ಕಡೆ ಹೊಲಿಗೆಯ ತೂತುಗಳಿವೆ. ಅಲ್ಲಿ ಮಾತ್ರ ಉಣ್ಣೆಯ ಬಣ್ಣ ಮಾಸಿಲ್ಲ. ಚೂಪು ಕತ್ತರಿಯಿಂದ ನೂಲು ನೂಲಾಗಿ, ಇತ್ತೀಚೆಗೆ ಬಿಡಿಸಿದ್ದಾರೆ.

ನಾನು ಹುಡುಕುತ್ತೇನೆ ಎಂದು ಅವರಿಗೆ ಗೊತ್ತಿತ್ತು.