ಬಿಸಿಲಿಗೆ ಬರುವ ಬಣ್ಣ

ಮಾಸಿದ ಬಟ್ಟೆಗೆ ಬಣ್ಣ ಹಾಕಿಕೊಡುವ ಅವಳನ್ನು ಬೀದಿಯವರೆಲ್ಲ ಬಣ್ಣದಮ್ಮ ಎಂದೇ ಕರೆಯುತ್ತಾರೆ. ಹಂಡೆಯಲ್ಲಿ ಅವತ್ತು ಯಾವ ಬಣ್ಣ ಕುದಿದಿದೆ ಎಂದು ತಿಳಿಯಲು ಅವಳ ಉಗುರು ನೋಡಿದರೆ ಸಾಕು. ಹಾಕಿದ ಬಣ್ಣ ಮಾಸದಂತೆ ಕಾಯುವುದೇ ಆ ಕಸುಬಿನ ಗುಟ್ಟು. ಹಸಿ ಬಟ್ಟೆಯನ್ನು ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಗೋಣಿ ಕಟ್ಟಿ, ನೆರಳಲ್ಲೇ ಆರಿಸುತ್ತಾಳೆ. ಬಿಸಿಲು ಬಣ್ಣ ಕುಡಿಯುತ್ತದೆ ಎಂಬುದು ಅವಳ ಮಾತು. ಗಿರಾಕಿಗಳು "ಬಣ್ಣ ಹೋಗಲ್ಲ ತಾನೇ?" ಎಂದರೆ, ಮೊದಲೆಲ್ಲ "ಹೋದ್ರೆ ನನ್ನ ಹೆಸರು ಬದಲಾಯಿಸಿ" ಎಂದು ನಗುತ್ತಿದ್ದಳು.

ಅವಳ ಅಕ್ಕನ ಹತ್ತಿರ ಒಂದು ದಾಸವಾಳದ ಗಿಡವಿತ್ತು. ಅಮ್ಮ ನೆಟ್ಟ ಗಿಡದ ಕಡ್ಡಿಯಿಂದ ಬಂದದ್ದು. ಅಮ್ಮ ತೀರಿಕೊಂಡ ಮೇಲೆ ಮನೆ ಬೇರೆಯವರ ಪಾಲಾಯಿತು, ಅಂಗಳದ ಗಿಡವನ್ನು ಅವರು ಕಡಿಸಿದರು. ಉಳಿದದ್ದು ಕುಂಡದಲ್ಲಿದ್ದ ಇದೊಂದೇ. ಅಕ್ಕ ಕಣ್ಣಿನ ಆಪರೇಷನ್‌ಗೆಂದು ಮಗಳ ಊರಿಗೆ ಹೊರಟಾಗ ಕುಂಡವನ್ನು ತಂದು ತಂಗಿಯ ಬಾಗಿಲಲ್ಲಿಟ್ಟಳು.

"ನೋಡ್ಕೋತೀಯ ತಾನೇ? ಇದೂ ಹೋದ್ರೆ ಅಮ್ಮಂದು ಅಂತ ಇನ್ನೇನೂ ಇಲ್ಲ ಕಣೇ."

"ಹೋಗಿ ಬಾ ಅಕ್ಕಾ. ಬಣ್ಣ ಒಂಚೂರೂ ಮಾಸದ ಹಾಗೆ ನೋಡ್ಕೋತೀನಿ."

ಕೊಟ್ಟ ಮಾತಿಗೆ ತಪ್ಪಬಾರದೆಂದೇ ಅವಳು ಎಲೆಗಳ ಆ ಕಡುಹಸಿರನ್ನು ಬಿಸಿಲಿಗೆ ಬಿಡಲಿಲ್ಲ. ಹಿಂದಿನ ಕೋಣೆಯಲ್ಲಿ, ಹರವಿದ ಬಟ್ಟೆಗಳ ನಡುವೆ ಇಟ್ಟಳು. ದಿನಾ ನೀರು ಹಾಕಿದಳು. ಎಲೆ ಹಳದಿಗೆ ತಿರುಗಿತು. ಹಸಿದಿರಬೇಕೆಂದು ಹಿಡಿ ಗೊಬ್ಬರ ಹಾಕಿದಳು, ಸಾಲದೆಂದು ಮತ್ತೊಂದು ಹಿಡಿ. ಹೊಸ ಚಿಗುರು ಬಿಳಿಚಿಕೊಂಡು, ದಾರದ ಹಾಗೆ ಸಪೂರವಾಗಿ, ಕಿಟಕಿಯ ಗೋಣಿಯತ್ತ ಚಾಚಿತು. ಗೋಣಿಯಲ್ಲಿ ಅಲ್ಲೊಂದು ತೂತಿತ್ತು. ಅವಳು ಆ ತೂತನ್ನೂ ಹೊಲಿದಳು.

ಪಕ್ಕದ ಅಂಗಡಿಯ ದರ್ಜಿ ಇಣುಕಿ, "ಏನ್ ಬಣ್ಣದಮ್ಮ, ಗಿಡಕ್ಕೆ ಕಾಮಾಲೆನಾ?" ಎಂದ.

"ಮೊದಲು ನಿನ್ನ ಬಾಯಿಗೆರಡು ಹೊಲಿಗೆ ಹಾಕ್ಕೋ" ಎಂದಳು.

ಅಕ್ಕ ನಾಳೆ ಬರುತ್ತಾಳೆಂದು ಸುದ್ದಿ ಬಂತು. ಮಾಸಿದ್ದಕ್ಕೆ ಅವಳಿಗೆ ಗೊತ್ತಿದ್ದ ಮದ್ದು ಒಂದೇ. ಹಸಿರು ಕಲಸಿ, ಹತ್ತಿಯಲ್ಲಿ ಅದ್ದಿ, ಉಳಿದಿದ್ದ ಎಲೆಗಳಿಗೆ ಒಂದೊಂದಾಗಿ, ಬೆನ್ನಿಗೂ ಹೊಟ್ಟೆಗೂ, ಅಚ್ಚುಕಟ್ಟಾಗಿ ಬಳಿದಳು.

ಅಕ್ಕ ಬಂದಳು. ಆಪರೇಷನ್ ಆದ ಕಣ್ಣಿಗೆ ಈಗ ಎಲ್ಲವೂ ನಿಚ್ಚಳ. ಬಾಗಿಲಿಂದಲೇ "ಅಯ್ಯೋ, ಎಷ್ಟು ಹಸಿರಾಗಿದೆಯೇ!" ಎಂದು ಹಿಗ್ಗುತ್ತ ಬಂದು, ಮಗುವಿನ ಕೆನ್ನೆ ಸವರುವಂತೆ ಎಲೆ ಸವರಿದಳು. ಆಮೇಲೆ ತನ್ನ ಹೆಬ್ಬೆರಳು ನೋಡಿಕೊಂಡಳು.

"ಬಣ್ಣ ಬಿಡ್ತಿದೆ" ಎಂದಳು.

ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಬಣ್ಣದಮ್ಮನಿಗೆ ಆ ಮಾತು ಆಡಿರಲಿಲ್ಲ.

ಅಕ್ಕ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಸಸಿ ಮಾರುವವರ ತೋಟದಲ್ಲಿ ದುಡಿದವಳು ಅವಳು. ಒದ್ದೆ ಬಟ್ಟೆ ತಂದು ಎಲೆ ಒರೆಸುತ್ತ ಕೂತಳು. ಕುಂಡದಲ್ಲಿ ಕರಗದೆ ಉಳಿದ ಗೊಬ್ಬರ ಕಣ್ಣಿಗೆ ಬಿತ್ತು.

"ಗೊಬ್ಬರ ಊಟ ಅಲ್ಲ ಕಣೇ ಹುಚ್ಚಿ, ಅದು ಉಪ್ಪಿದ್ದ ಹಾಗೆ. ಉಪ್ಪಿನಿಂದ ಹೊಟ್ಟೆ ತುಂಬುತ್ತಾ? ಊಟನ ಗಿಡ ತಾನೇ ಮಾಡ್ಕೊಳ್ಳುತ್ತೆ. ಬೇರಿಂದ ನೀರು, ಎಲೆಯಿಂದ ಗಾಳಿ. ನಾವು ಬಿಟ್ಟ ಉಸಿರೇ ಅದಕ್ಕೆ ದಿನಸಿ. ಎರಡನ್ನೂ ಸೇರಿಸಿ ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತೆ. ಆ ಬಿಸಿಲು ಹಿಡಿಯೋದಕ್ಕೇ ಎಲೆ ಹಸಿರಾಗಿರೋದು."

"ಬಿಸಿಲಿಗೆ ಬಣ್ಣ ಹೋಗುತ್ತೆ ಅಂತ ನಾನು..."

"ನೀನು ಹಾಕೋ ಬಣ್ಣ ಬಿಸಿಲಿಗೆ ಹೋಗುತ್ತೆ. ಇದು ಬಿಸಿಲಿಗೇ ಬರೋ ಬಣ್ಣ."

ಇಬ್ಬರೂ ಸೇರಿ ಒರೆಸಿದರು. ಒರೆಸಿದ ಹಾಗೆಲ್ಲ ಎಲೆಗಳು ಕೈಗೇ ಬಂದವು. ಕುಂಡವನ್ನು ಎಳೆಬಿಸಿಲು ಬೀಳುವ ಕಡೆ ಇಟ್ಟು, ಚಿಗುರೀತೆಂದು ಬಹಳ ದಿನ ಕಾದರು. ಕೊನೆಗೆ ಅಕ್ಕ ಉಗುರಿನಿಂದ ಕಾಂಡ ಗೀರಿ ನೋಡಿದಳು. ಒಳಗೂ ಒಣಗಿತ್ತು. ಬರಿಯ ಕುಂಡ ಎತ್ತಿಕೊಂಡು ಹೋದಳು.

ಈಗಲೂ ಗಿರಾಕಿಗಳು "ಬಣ್ಣ ಹೋಗಲ್ಲ ತಾನೇ?" ಎನ್ನುತ್ತಾರೆ. ಬಣ್ಣದಮ್ಮ ನಗುವುದಿಲ್ಲ. "ಬಿಸಿಲಿಗೆ ಹಾಕಬೇಡಿ" ಎನ್ನುತ್ತಾಳೆ. ಅವರು ಮೆಟ್ಟಿಲಿಳಿದು ಹೋಗುತ್ತಿದ್ದರೆ ಹಂಡೆ ಬಿಟ್ಟು ಎದ್ದು ಬಂದು, ಹಿಂದಿನಿಂದ ಕೂಗಿ ಹೇಳುತ್ತಾಳೆ:

"ಬಟ್ಟೆನ ಮಾತ್ರ!"