ಕೊಟ್ಟಿಗೆಯಲ್ಲಿದ್ದ ಕಾರು

ಹೊಣಕೆರೆಯಲ್ಲಿ ನಮ್ಮ ಪಕ್ಕದ ಮನೆಯವನು, ಯಾರದೋ ತೋಟದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಳೇ ಸಣ್ಣ ಕಾರೊಂದನ್ನು ಟ್ರಾಕ್ಟರಿಗೆ ಕಟ್ಟಿ ಎಳೆದು ತಂದ. ಒಂದು ಕಾಲಕ್ಕೆ ಅದು ಬಾಣದ ಹಾಗೆ ಹೋಗುತ್ತಿತ್ತಂತೆ. ಈ ಮಹಾರಾಯ ಅದನ್ನು ಕೊಟ್ಟಿಗೆಯಲ್ಲಿಟ್ಟು, ಹಸುವನ್ನು ಆಚೆ ಬಿಸಿಲಿಗೆ ಕಟ್ಟಿದ. ಕಾರಿನ ತಳದ ತಗಡು ಹಪ್ಪಳದಂತೆ ಉದುರುತ್ತಿದ್ದರೂ ಅಗಲದ ಟಯರು, ಗುಡುಗುವ ಸೈಲೆನ್ಸರು, ಹಿಂದಕ್ಕೊಂದು ರೆಕ್ಕೆ ಹಾಕಿಸಿದ. ಯಾರು ಕೇಳಿದರೂ ಬಾನೆಟ್ಟು ಸವರುತ್ತಾ, "ತಡ್ಕಳ್ಲಾ, ಪಿಕಪ್ಪು ನೋಡೀಯಂತೆ" ಅನ್ನುತ್ತಿದ್ದ. ಮೂರು ವರ್ಷ ಇದೇ ಮಾತು.

ಆಮೇಲೊಂದು ಆಯುಧಪೂಜೆಗೆ ಬಾಳೆಕಂದು ಕಟ್ಟಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಬೀದಿಯವರನ್ನೆಲ್ಲ ಕರೆದ. ಕೀಲಿ ತಿರುಗಿಸಿದ. ಸೈಲೆನ್ಸರು ಒಂದೇ ಸಲ ಗುಡುಗಿ ಸುಮ್ಮನಾಯಿತು. ಚಕ್ರ ನಿಂಬೆಹಣ್ಣಿನ ಮೇಲೆ ಹತ್ತದೆ ಪೂಜೆ ಮುಗಿಯುವುದು ಹೇಗೆ?

"ವಸಿ ತಳ್ರಲಾ," ಅಂದ.

ತಳ್ಳಿದೆವು. ಅವನ ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ತಳ್ಳಿದಳು. ನಿಂಬೆಹಣ್ಣು ಅಪ್ಪಚ್ಚಿಯಾಗಿ ಕಾರು ಬೀದಿಗೆ ಬಂತು. ಸ್ಟೇರಿಂಗು ಹಿಡಿದು ಕೂತಿದ್ದವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ: "ಎಂಗದೆ ಪಿಕಪ್ಪು?"

ನಾವು ಏದುಸಿರು ಬಿಡುತ್ತಿದ್ದೆವು. ಅವನ ಹೆಂಡತಿ ಹಿಂದಿರುಗಿ ಹೋಗಿ, ಹಸುವನ್ನು ಬಿಚ್ಚಿ ತಂದು ಕೊಟ್ಟಿಗೆಯೊಳಗೆ ಕಟ್ಟಿದಳು.