ಅವಿಟಿ ಸೇರದ ಕಾಲಂ

"ಕಿವಿರು ತೋರಿಸು ಸಾಕು. ಮೀನು ಯಾವ ದೋಣೀಲಿ ಬಂತು, ಯಾವಾಗ ಸತ್ತಿತು, ಸಾಯೋವಾಗ ಯಾರನ್ನ ಬೈತು, ಎಲ್ಲಾ ಹೇಳ್ತೀನಿ. ನನ್ನ ಕಣ್ಣಿಗೆ ಮಣ್ಣೆರಚೋನು ಈ ಸರೋವರದ ಸುತ್ತ ಇನ್ನೂ ಹುಟ್ಟಿಲ್ಲ!"

ವಿಕ್ಟೋರಿಯಾ ಸರೋವರದ ಕೀನ್ಯಾ ದಡದಲ್ಲಿ ಮೀನು ಮಾರುವ ಅವಿಟಿ ಹೀಗೆ ಕೂಗಿದರೆ ಆಚೆ ಉಗಾಂಡಾದಲ್ಲಿ ತೊಟ್ಟಿಲ ಮಕ್ಕಳು ಎದ್ದು ಕೂರುತ್ತಿದ್ದವು. ಅವಳ ಹೆಮ್ಮೆ ಬರೀ ಕಣ್ಣಿನದಲ್ಲ. ಒಳ್ಳೆಯ ಮೀನು ಬೇಕಾದ ಹೆಂಗಸು ಮೀನುಗಾರನಿಗೆ ಮೈಯನ್ನೂ ಕೊಡಬೇಕು ಎಂಬುದು ಆ ದಡದ ರೂಢಿ, 'ಜಬೋಯ' ಎನ್ನುತ್ತಾರೆ. ಮೀನು ಮಾರಿದ ಹದಿನಾಲ್ಕು ವರ್ಷದಲ್ಲಿ ಅವಿಟಿ ಒಮ್ಮೆಯೂ ಆ ದಾರಿ ಹಿಡಿಯಲಿಲ್ಲ. ದಡವೆಲ್ಲ ಇದನ್ನು ಒಪ್ಪಿತ್ತು, ಅವಳನ್ನು ಕಂಡರಾಗದವರೂ ಕೂಡ.

ಗಂಡ ಒಡಿಪೊ ತಿಂಗಳುಗಟ್ಟಲೆ ದ್ವೀಪಗಳಲ್ಲಿ ಬಲೆ ಬೀಸುತ್ತಿದ್ದ. ಅವನ ಮೀನು ಅಲ್ಲಿ ಯಾರ್ಯಾರದೋ ಬುಟ್ಟಿಗೆ ಬೀಳುತ್ತಿದೆಯೆಂದು ಅವಿಟಿಗೆ ಕೊನೆಗೆ ತಿಳಿಯಿತು. ಮೀನಿಗಿದ್ದ ಹಾಗೆ ಗಂಡನಿಗೆ ಕಿವಿರಿರಲಿಲ್ಲ.

ಅವಳು ನೇರ ಆಸ್ಪತ್ರೆಗೆ ನಡೆದಳು. ಎಚ್‌ಐವಿ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂತು.

"ಹಾಗೇ ಇರ್ಬೇಕು ಮೇಷ್ಟ್ರೇ. ಅದು ಬರದ ಹಾಗೆ ತಡೆಯೋ ಮಾತ್ರೆ ಕೊಡಿ."

ದಡದವರೆಲ್ಲ ಮೇಷ್ಟ್ರೆಂದು ಕರೆಯುವ ಆಸ್ಪತ್ರೆಯ ಸಲಹೆಗಾರ ಒಗೆಂಬೊ ಕಾಲಂಗಳ ಕಾಗದ ತೆಗೆದ. ಮಾತ್ರೆ ಕಡಿಮೆಯಿದ್ದವು, ಅಪಾಯದ ಗುಂಪಿನವರಿಗೆ ಮಾತ್ರ ಎಂದು ಮೇಲಿನಿಂದ ಆಜ್ಞೆ.

"ಎಷ್ಟು ಜನ ಗಂಡಸರು, ಅಕ್ಕ?"

"ಒಬ್ನೇ. ಅವನೂ ಅರ್ಧ. ಇನ್ನರ್ಧ ದ್ವೀಪದಲ್ಲಿದೆ."

"ಹಾಗಾದ್ರೆ ನೀನು ಸಾಮಾನ್ಯ ಜನ. ಅಪಾಯ ಕಮ್ಮಿ."

"ಮತ್ತೆ ಒಡಿಪೊ?"

"ಅವನು ಮೀನುಗಾರ. ಆ ಗುಂಪಿಗೆ ಕಾಲಂ ಇದೆ. ಬಂದ್ರೆ ಕೊಡ್ತೀನಿ."

"ಆಹಾ! ಮೊಸಳೆಗೆ ಔಷಧಿ, ಕಚ್ಚಿಸ್ಕೊಳ್ಳೋಳಿಗೆ ಬುದ್ಧಿಮಾತು!"

ಒಗೆಂಬೊ ಕೆಟ್ಟವನಲ್ಲ. ದನಿ ತಗ್ಗಿಸಿದ. "ಒಂದು ಉಪಾಯ ಇದೆ. ಜಬೋಯ ಕಾಲಂನಲ್ಲಿ ನಿನ್ನ ಹೆಸರು ಬರೆದುಬಿಡ್ಲಾ? ಈಗ್ಲೇ ಡಬ್ಬಿ ತಗೊಂಡ್ಹೋಗು. ಯಾರು ನೋಡ್ತಾರೆ?"

ಆ ಕಾಗದಗಳನ್ನು ಆಸ್ಪತ್ರೆಯ ಪುಸ್ತಕಕ್ಕೆ ನಕಲು ಮಾಡುವವಳು ಅವಿಟಿಯ ನಾದಿನಿ. ಆ ದಡದಲ್ಲಿ ಗುಟ್ಟು ಮೊಟ್ಟೆಯೊಳಗಿಂದಲೇ ಕೂಗು ಹಾಕುತ್ತದೆ. ಅವಿಟಿ ಡಬ್ಬಿಯನ್ನು ನೋಡಿದಳು, ಕಾಗದವನ್ನು ನೋಡಿದಳು.

"ಹೆಸರು ಹಾಳು ಮಾಡ್ಕೊಂಡು ಆರೋಗ್ಯವಾಗಿರಲಾ ಮೇಷ್ಟ್ರೇ?" ಎಂದು ಎದ್ದಳು.

ಒಡಿಪೊ ಬಂದಾಗ ಪರೀಕ್ಷೆಗೆ ಹೋಗೆಂದಳು, ನಕ್ಕ. ಕಾಂಡೋಮ್ ಎಂದಳು. "ಹೆಂಡ್ತಿ ಹತ್ರಾನೂ ಅದು ಬೇಕಾ? ನೀನು ಯಾರನ್ನಿಟ್ಕೊಂಡಿದೀಯ?" ಎಂದು ಅವನೇ ಮುನಿಸಿಕೊಂಡ. ಅವಳು ಮತ್ತೆರಡು ಸಲ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಆಸ್ಪತ್ರೆಗೆ ಹೊಸ ಬಣ್ಣ ಬಂದಿತ್ತು; ಕಾಗದ ಮಾತ್ರ ಹಳೆಯದೇ.

ನಾಲ್ಕನೆಯ ಸಲ ಹೋದಾಗ ಬಸುರಿ. ಬಸುರಿಯರಿಗೆ ಕಾಲಂ ಇತ್ತು! ಕೇಳದೆಯೇ ಕುರ್ಚಿ ಕೊಟ್ಟರು, ಬೆರಳು ಚುಚ್ಚಿದರು. ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಕೆಂಪು ಗೆರೆ ಮೂಡಿದವು; ಎಚ್‌ಐವಿ ತಗುಲಿತ್ತು.

ಒಗೆಂಬೊ ಬಹಳ ಹೊತ್ತು ಕನ್ನಡಕ ಒರೆಸಿದ. ಆಮೇಲೆ, ಬೇರೇನು ಮಾಡಲೂ ತೋಚದೆ, ಕಾಗದ ಎಳೆದುಕೊಂಡ.

"ಯಾವುದರಿಂದ ಬಂತು ಅಂತ ಬರೀಬೇಕು, ಅಕ್ಕ."

"ಮದುವೆಯಿಂದ ಅಂತ ಬರೀರಿ."

ಅವನು ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಹುಡುಕಿದ. "ಹಾಗೊಂದು ಕಾಲಂ ಇದರಲ್ಲಿಲ್ಲ."

"ಹೌದಾ? ಹಾಗಾದ್ರೆ ನನಗೆ ಬಂದೇ ಇಲ್ಲ ಅಂತ ಬರ್ದುಕೊಡಿ ಮೇಷ್ಟ್ರೇ, ಮನೆಗೆ ಹೋಗ್ತೀನಿ."